ವೆಬ್ ವಿಳಾಸದಲ್ಲೂ ಬದು ಇದೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಂಪ್ಯೂಟರ್ ಬಗ್ಗೆ ಎಲ್ಲರಿಗೂ ತಿಳಿಯುವ ಹಾಗೆ ಸ್ವಲ್ಪ ಹೊತ್ತು ಮಾತಾಡಿ ಎಂದು ಸಮಿತಿಯವರು ಹೇಳಿದ್ದಾರೆ. ಕಂಪ್ಯೂಟರ್ ದೊಡ್ಡ ವಿಷಯ. ನಾನು ಅದರಲ್ಲಿ ಒಂದೇ ಒಂದು ಚಿಕ್ಕ ಸಂಗತಿಯನ್ನು ಎತ್ತಿಕೊಳ್ಳುತ್ತೇನೆ. ನಿಮ್ಮ ಫೋನಿಗೆ ದಿನಾ ಲಿಂಕುಗಳು ಬರುತ್ತವೆ. ಪಹಣಿ, ಫಲಿತಾಂಶ, ವಿದ್ಯಾರ್ಥಿವೇತನದ ಅರ್ಜಿ, ಬೆಳೆ ವಿಮೆ, ಎಲ್ಲಕ್ಕೂ ಒಂದೊಂದು ಲಿಂಕು. ಆ ಲಿಂಕಿನ ಉದ್ದಕ್ಕೂ ಓರೆಗೆರೆ, ಚುಕ್ಕಿ, ಪ್ರಶ್ನಾರ್ಥಕ, '&' ಎಂಬ ಗುರುತುಗಳು ಇರುತ್ತವೆ. ಅವು ಯಾಕಿವೆ, ಅವುಗಳ ಬಗ್ಗೆ ಜಗತ್ತಿನಲ್ಲಿ ಏನು ಚರ್ಚೆ ನಡೆಯಿತು, ಅದರಿಂದ ನಮಗೇನು ಎಂಬುದೇ ಇವತ್ತಿನ ಮಾತು.

ಮೊದಲು ನಮ್ಮ ಹಾಜರಿ ಪುಸ್ತಕಕ್ಕೆ ಹೋಗೋಣ. 'ಲಕ್ಷ್ಮೀನರಸಿಂಹಮೂರ್ತಿ' ಎಂದು ಮೇಷ್ಟ್ರು ಕೂಗಿದರೆ ಒಬ್ಬ ಹುಡುಗ 'ಹಾಜರ್' ಎನ್ನುತ್ತಾನೆ. 'ಲಕ್ಷ್ಮಿ, ನರಸಿಂಹಮೂರ್ತಿ' ಎಂದರೆ ಇಬ್ಬರು. 'ಲಕ್ಷ್ಮಿ, ನರಸಿಂಹ, ಮೂರ್ತಿ' ಎಂದರೆ ಮೂವರು ಎದ್ದು ನಿಲ್ಲುತ್ತಾರೆ. ಅಕ್ಷರಗಳು ಹೆಚ್ಚುಕಡಿಮೆ ಅವೇ. ನಡುವೆ ಬಿದ್ದ ಅಲ್ಪವಿರಾಮದಿಂದ ತಲೆ ಎಣಿಕೆಯೇ ಬದಲಾಯಿತು. ಹೊಲದ ನಡುವೆ ಬದು ಮಾಡುವ ಕೆಲಸವನ್ನು ಇಲ್ಲಿ ಅಲ್ಪವಿರಾಮ ಮಾಡುತ್ತದೆ. ಬದು ಬೆಳೆ ಕೊಡುವುದಿಲ್ಲ. ಆದರೆ ಎಲ್ಲಿಗೆ ನಿನ್ನದು ಮುಗಿಯಿತು, ಎಲ್ಲಿಂದ ನನ್ನದು ಶುರು ಎಂದು ಹೇಳುವುದು ಅದೇ.

ಬದು ಇಲ್ಲದೆಯೂ ಬೇರೆ ಮಾಡಬಹುದು, ಅಳತೆಯಿಂದ. ಮಧುಗಿರಿಯ ಪಿನ್ ಕೋಡ್ 572132, ಶಿರಾದ್ದು 572137, ಕೊರಟಗೆರೆಯದ್ದು 572129, ಪಾವಗಡದ್ದು 561202. ನಡುವೆ ಯಾವ ಗೆರೆಯೂ ಇಲ್ಲ. ಮೊದಲ ಮೂರು ಅಂಕಿ ಟಪಾಲು ವಿಂಗಡಿಸುವ ಪ್ರದೇಶ, ಕೊನೆಯ ಮೂರು ಅಂಚೆ ಕಚೇರಿ ಎಂದು 1972ರಲ್ಲೇ ಗೊತ್ತುಮಾಡಿ ಇಟ್ಟಿದ್ದಾರೆ. ಶಾಲೆಗಳಿಗೆ ಕೊಡುವ ಯು-ಡೈಸ್ ಸಂಖ್ಯೆಯೂ ಹಾಗೆಯೇ. ಅದರ ಹನ್ನೊಂದು ಅಂಕಿಗಳಲ್ಲಿ ಮೊದಲ ಎರಡು ರಾಜ್ಯ, ಕರ್ನಾಟಕಕ್ಕೆ 29. ಆಮೇಲೆ ಎರಡು ಜಿಲ್ಲೆ, ಎರಡು ಬ್ಲಾಕ್, ಮೂರು ಊರು, ಎರಡು ಶಾಲೆ. ಅಳತೆ ಗೊತ್ತಿದ್ದರೆ ಬದು ಬೇಡ.

ಎಲ್ಲವನ್ನೂ ಹೀಗೆ ಅಳೆದು ಇಡಲಾಗುವುದಿಲ್ಲ. ಪಹಣಿಯನ್ನೇ ನೋಡಿ. ಸರ್ವೆ ನಂಬರ್ ಒಂದಂಕಿ ಇರಬಹುದು, ಮೂರಂಕಿ ಇರಬಹುದು. ಅಣ್ಣತಮ್ಮಂದಿರು ಭಾಗವಾದ ಹಾಗೆ ಹಿಸ್ಸಾ ಹುಟ್ಟುತ್ತಾ ಹೋಗುತ್ತದೆ. ಆದ್ದರಿಂದ 45/2 ಎಂದು ನಡುವೆ ಓರೆಗೆರೆ ಹಾಕುತ್ತಾರೆ. ಆ ಗೆರೆ ಅಳಿಸಿಹೋದರೆ 452 ಆಯಿತು, ಅದು ಊರಿನ ಇನ್ನೊಂದು ಮೂಲೆಯ ಇನ್ಯಾರದೋ ಜಮೀನು! 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಅಲ್ಲಿ ಪಹಣಿ ಹುಡುಕುವಾಗ ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ಎಂದು ಮೂರನ್ನು ಬೇರೆಬೇರೆಯಾಗಿ ಆರಿಸಬೇಕು. ಸರ್ನಾಕ್ ಕಾಲಂನಲ್ಲಿ ಎಷ್ಟೋ ಸಲ ಬರೀ ಒಂದು ನಕ್ಷತ್ರದ ಗುರುತು ಇರುತ್ತದೆ, ಆದರೂ ಅದನ್ನು ಆರಿಸಲೇಬೇಕು. ಅದಕ್ಕೆಂದು ಬದು ಹಾಕಿದ ಜಾಗ ಅದು, ಹಾರಿ ಹೋಗುವಂತಿಲ್ಲ.

ಇನ್ನೊಂದು ಮಾತು. 'ಕಸಬಾ' ಎಂದಷ್ಟೇ ಹೇಳಿದರೆ ಏನು ತಿಳಿಯುತ್ತದೆ? ನಮ್ಮ ನಾಲ್ಕು ತಾಲ್ಲೂಕಿನಲ್ಲೂ ಕಸಬಾ ಹೋಬಳಿ ಇದೆ. ತಾಲ್ಲೂಕು ಯಾವುದು, ಹೋಬಳಿ ಯಾವುದು ಎಂದು ಹೆಸರು ಹಚ್ಚಿ ಹೇಳಿದಾಗಲೇ ಅದು ವಿಳಾಸ. ಅಂದರೆ ಎರಡು ಗುರುತು ಬೇಕಾಯಿತು. ಕಾಲಂನ ಹೆಸರನ್ನೂ ಅದರಲ್ಲಿ ತುಂಬಿದ್ದನ್ನೂ ಕೂಡಿಸಲು ಒಂದು, ಒಂದು ಕಾಲಂನಿಂದ ಇನ್ನೊಂದನ್ನು ಬೇರೆ ಮಾಡಲು ಒಂದು.

ವೆಬ್ ವಿಳಾಸ ಮಾಡುವುದೂ ಇಷ್ಟೇ. ಒಂದು ಕಲ್ಪಿತ ವಿಳಾಸವನ್ನು ಕನ್ನಡದಲ್ಲೇ ಬರೆದು ತೋರಿಸುತ್ತೇನೆ.

ಹೊಲ.ಉದಾಹರಣೆ/ಪಹಣಿ?ತಾಲ್ಲೂಕು=ಮಧುಗಿರಿ&ಹೋಬಳಿ=ಕಸಬಾ&ಸರ್ವೆ=45&ಹಿಸ್ಸಾ=2

ಓರೆಗೆರೆಗೆ ಮುಂಚೆ ಇರುವುದು ಮನೆ, ಅಂದರೆ ಯಾವ ತಾಣ ಎಂಬುದು. ಓರೆಗೆರೆಯ ನಂತರ ಆ ಮನೆಯ ಯಾವ ಕೋಣೆ ಎಂಬುದು. ಪ್ರಶ್ನಾರ್ಥಕದಿಂದ ಮುಂದಕ್ಕೆ ಇರುವುದು ನಾವು ಕೇಳುವ ಪ್ರಶ್ನೆ, ತುಂಬಿದ ಅರ್ಜಿ. ಸಮ ಚಿಹ್ನೆ ಕಾಲಂನ ಹೆಸರಿಗೂ ಅದರ ಬೆಲೆಗೂ ಗಂಟು ಹಾಕುತ್ತದೆ. '&' ಎಂಬುದು ಎರಡು ಕಾಲಂಗಳ ನಡುವಿನ ಬದು. ಎಲ್ಲ ತಾಣಗಳೂ ಇದನ್ನು ಮೇಲೆ ಕಾಣುವಂತೆ ತೋರಿಸುವುದಿಲ್ಲ. ಕೆಲವು ಒಳಗೊಳಗೇ ಕಳಿಸುತ್ತವೆ, ಆದರೆ ಸಾಮಾನ್ಯವಾಗಿ ಕಟ್ಟುವ ರೀತಿ ಇದೇ.

ಈ '&' ಗುರುತಿನ ಹೆಸರು ಆಂಪರ್ಸ್ಯಾಂಡ್. ಲ್ಯಾಟಿನ್ ಭಾಷೆಯಲ್ಲಿ 'ಮತ್ತು' ಎಂಬುದಕ್ಕೆ 'ಎಟ್' ಎನ್ನುತ್ತಾರೆ. ಅದರ ಎರಡಕ್ಷರ ಬೆಸೆದುಕೊಂಡು ಹುಟ್ಟಿದ ರೂಪ ಇದು. ಹಿಂದೆ ಇಂಗ್ಲೆಂಡಿನ ಶಾಲೆಯ ಮಕ್ಕಳು ತಮ್ಮ ಅಕ್ಷರಮಾಲೆ ಮುಗಿಸುವಾಗ ಕೊನೆಗೆ ಈ ಗುರುತನ್ನೂ ಸೇರಿಸಿ ರಾಗವಾಗಿ ಹೇಳುತ್ತಿದ್ದರು, ನಮ್ಮ ಮಕ್ಕಳು 'ಳ' ಆದಮೇಲೆ 'ಕ್ಷ, ಜ್ಞ' ಸೇರಿಸಿ ಹೇಳುವ ಹಾಗೆ. 'ಆಂಡ್ ಪರ್ ಸೆ ಆಂಡ್' ಎಂದು ಬೇಗಬೇಗ ಹೇಳಿ ಹೇಳಿ ಅದು ಆಂಪರ್ಸ್ಯಾಂಡ್ ಆಯಿತು.

ಈಗ ಚರ್ಚೆಗೆ ಬರುತ್ತೇನೆ. ಟಿಮ್ ಬರ್ನರ್ಸ್-ಲೀ ಎಂಬುವರು ಜಿನೀವಾದ ಸರ್ನ್ ಸಂಸ್ಥೆಯಲ್ಲಿದ್ದಾಗ 1989ರಲ್ಲಿ ವೆಬ್ಬಿನ ಯೋಚನೆಯನ್ನು ಮುಂದಿಟ್ಟರು. ಪುಟಗಳನ್ನು ಬರೆಯಲು ಎಚ್‌ಟಿಎಂಎಲ್ ಎಂಬ ಬರವಣಿಗೆಯ ಪದ್ಧತಿ ಬಂತು. ಆ ಪದ್ಧತಿಯಲ್ಲಿ '&' ಗುರುತಿಗೆ ಆಗಲೇ ಒಂದು ಕೆಲಸ ಇತ್ತು. ಕೀಲಿಮಣೆಯಲ್ಲಿ ಇಲ್ಲದ ಚಿಹ್ನೆಯನ್ನು ಕರೆಯಬೇಕಾದರೆ '&' ಹಾಕಿ, ಆ ಚಿಹ್ನೆಯ ಹೆಸರು ಬರೆದು, ಕೊನೆಗೆ ಅರ್ಧವಿರಾಮ ಹಾಕಬೇಕು. 'ಕಾಪಿ' ಎಂದು ಹೀಗೆ ಬರೆದರೆ ಪುಟದಲ್ಲಿ © ಎಂಬ ಹಕ್ಕುಸ್ವಾಮ್ಯದ ಚಿಹ್ನೆ ಮೂಡುತ್ತದೆ. 1990ರ ದಶಕದ ಮೊದಲರ್ಧದಲ್ಲಿ ವೆಬ್ ಪುಟಗಳಿಗೆ ಅರ್ಜಿ ನಮೂನೆಗಳು ಬಂದಾಗ ಕಾಲಂಗಳ ನಡುವಿನ ಬದುವಾಗಿಯೂ ಇದೇ '&' ಅನ್ನು ಇಟ್ಟರು. ಒಂದೇ ಆಳಿಗೆ ಎರಡು ಮನೆಯ ಚಾಕರಿ!

ಹೀಗಾದಾಗ ಏನಾಗುತ್ತದೆ? ಯಾವುದೋ ಅರ್ಜಿಯಲ್ಲಿ 'ಎಷ್ಟು ಪ್ರತಿ ಬೇಕು' ಎಂಬ ಕಾಲಂಗೆ 'ಕಾಪಿ' ಎಂದು ಹೆಸರಿದೆ ಎನ್ನಿ. ವಿಳಾಸದಲ್ಲಿ '&ಕಾಪಿ=2' ಎಂದು ಬರುತ್ತದೆ. ಆ ವಿಳಾಸವನ್ನು ವೆಬ್ ಪುಟದೊಳಗೆ ಹಾಗೆಯೇ ಬರೆದರೆ, ಓದುವ ಯಂತ್ರ ಅದನ್ನು ಕಾಲಂ ಎಂದು ತಿಳಿಯದೆ '©=2' ಎಂದು ಓದಿಬಿಡಬಹುದು. ಎರಡು ಪ್ರತಿ ಕೇಳಿದ ಅರ್ಜಿಯಲ್ಲಿ ಪ್ರತಿಯ ಕಾಲಂ ಕಾಣೆ. ಇದಕ್ಕೆ ಪರಿಹಾರವೂ ಇತ್ತು. ಪುಟದೊಳಗೆ ವಿಳಾಸ ಬರೆಯುವಾಗ ಪ್ರತಿ '&' ಗುರುತನ್ನೂ '&ಎಎಂಪಿ;' ಎಂದು ಬಿಡಿಸಿ ಬರೆಯಬೇಕು. ನಿಯಮ ಸರಿಯೇ, ಆದರೆ ಬರೆಯುವ ಕೈಗಳು ಅದನ್ನು ಮರೆಯುತ್ತಿದ್ದವು.

ಆದ್ದರಿಂದ 1995ರ ನವೆಂಬರಿನಲ್ಲಿ ಬಂದ ಎಚ್‌ಟಿಎಂಎಲ್ 2.0 ನಿಯಮಪುಸ್ತಕದಲ್ಲೇ ಒಂದು ಸಲಹೆ ಕೊಟ್ಟರು. ಸರ್ವರ್ ಕಟ್ಟುವವರು '&' ಬದಲು ಅರ್ಧವಿರಾಮವನ್ನೂ ಬದುವಾಗಿ ಒಪ್ಪಿಕೊಂಡರೆ ಒಳ್ಳೆಯದು ಎಂದು. 1999ರ ಡಿಸೆಂಬರಿನ ಎಚ್‌ಟಿಎಂಎಲ್ 4.01 ನಿಯಮಪುಸ್ತಕದ ಅನುಬಂಧದಲ್ಲೂ ಅದೇ ಸಲಹೆ ಮತ್ತೆ ಬಂತು. ಯೋಚಿಸಿ ನೋಡಿದರೆ ಬುದ್ಧಿವಂತಿಕೆಯ ಸಲಹೆಯೇ. ನಮ್ಮ ಕನ್ನಡ ವ್ಯಾಕರಣದ ಪಾಠದಲ್ಲಿ ಲೇಖನ ಚಿಹ್ನೆಗಳನ್ನು ಕಲಿಸುವಾಗ ಅರ್ಧವಿರಾಮಕ್ಕೆ ಹೇಳುವ ಕೆಲಸ ಇದಕ್ಕೆ ಹತ್ತಿರದ್ದು. ದೊಡ್ಡ ವಾಕ್ಯದೊಳಗಿನ ಉಪವಾಕ್ಯಗಳನ್ನು ಬೇರೆ ಮಾಡುವುದು, ಆದರೆ ವಾಕ್ಯವನ್ನು ಮುಗಿಸದಿರುವುದು.

ಆದರೂ ಆ ಸಲಹೆ ನಿಲ್ಲಲಿಲ್ಲ. ಕಾರಣ ಸರಳ. ನಾವು ಅರ್ಜಿ ತುಂಬಿ ಗುಂಡಿ ಒತ್ತಿದಾಗ ಬ್ರೌಸರ್ ತಾನಾಗಿ ಕಟ್ಟುವ ವಿಳಾಸದಲ್ಲಿ ಮೊದಲಿನಂತೆ '&' ಗುರುತನ್ನೇ ಹಾಕುತ್ತಿತ್ತು. ಅರ್ಧವಿರಾಮವನ್ನು ಕೆಲವು ಸರ್ವರುಗಳು ಒಪ್ಪಿದವು, ಕೆಲವು ಒಪ್ಪಲಿಲ್ಲ. ಸಲಹೆ ಇತ್ತು, ಕಟ್ಟುಪಾಡು ಇರಲಿಲ್ಲ. ಅರ್ಧ ಊರು ಒಂದು ಬದುವನ್ನು ಒಪ್ಪಿ ಉಳಿದರ್ಧ ಊರು ಒಪ್ಪದಿದ್ದರೆ ಅಲ್ಲಿ ಜಗಳ ಹುಟ್ಟದೆ ಇನ್ನೇನು ಹುಟ್ಟುತ್ತದೆ?

ಆ ಜಗಳ ಎಂಥದು ಎಂದು ತಿಳಿಯಲು ಒಂದು ಭಾಗಪತ್ರವನ್ನು ಕಲ್ಪಿಸಿಕೊಳ್ಳಿ. ತಂದೆ ಒಂದೇ ಸಾಲು ಬರೆದಿಟ್ಟಿದ್ದಾರೆ: 'ಹೊಲ ದೊಡ್ಡವನಿಗೆ ಬಾವಿ ಚಿಕ್ಕವನಿಗೆ ಮನೆ.' ಬಾವಿ ಯಾರದು? 'ಹೊಲ ದೊಡ್ಡವನಿಗೆ, ಬಾವಿ ಚಿಕ್ಕವನಿಗೆ' ಎಂದು ಓದಿದರೆ ಬಾವಿ ಚಿಕ್ಕವನದು. 'ದೊಡ್ಡವನಿಗೆ ಬಾವಿ, ಚಿಕ್ಕವನಿಗೆ ಮನೆ' ಎಂದು ಓದಿದರೆ ಬಾವಿ ದೊಡ್ಡವನದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಅದೇ ಕಾಗದವನ್ನು ಓದುತ್ತಿದ್ದಾರೆ. ಬದು ಎಲ್ಲಿದೆ ಎಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ನಮ್ಮ ಬಯಲುಸೀಮೆಯಲ್ಲಿ ಒಂದು ಬಾವಿಗೆ ಎಷ್ಟು ಬೆಲೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಕಂಪ್ಯೂಟರ್ ಲೋಕದಲ್ಲೂ ಇದೇ ಆಯಿತು. ನಿಮ್ಮ ಫೋನಿಗೂ ದೂರದ ಸರ್ವರಿಗೂ ನಡುವೆ ಕೆಲವು ಕಡೆ ಒಂದು ದಾಸ್ತಾನು ಯಂತ್ರ ಇರುತ್ತದೆ. ಒಬ್ಬರು ಕೇಳಿದ ಪುಟವನ್ನು ಅದು ಎತ್ತಿಟ್ಟುಕೊಂಡು, ಮತ್ತೊಬ್ಬರು ಅದನ್ನೇ ಕೇಳಿದಾಗ ಸರ್ವರಿಗೆ ತೊಂದರೆ ಕೊಡದೆ ತಾನೇ ಕೊಟ್ಟುಬಿಡುತ್ತದೆ. ಒಳ್ಳೆಯ ಏರ್ಪಾಡು. ಈಗ ಒಬ್ಬ ಕಿಡಿಗೇಡಿ ಹೀಗೆ ಕೇಳುತ್ತಾನೆ ಎನ್ನಿ:

ಊರು=ಶಿರಾ&ಜಾಹೀರಾತು=1;ಊರು=ಪಾವಗಡ

ದಾಸ್ತಾನು ಯಂತ್ರಕ್ಕೆ '&' ಮಾತ್ರ ಬದು. ಅದು ಊರು ಶಿರಾ ಎಂದು ಓದುತ್ತದೆ. ಉಳಿದದ್ದೆಲ್ಲ ಜಾಹೀರಾತಿನ ಲೆಕ್ಕ, ತನಗೆ ಬೇಡ ಎಂದು ಬಿಡುತ್ತದೆ. ಸರ್ವರಿಗೆ ಅರ್ಧವಿರಾಮವೂ ಬದು. ಅದು ಮೂರು ಕಾಲಂ ಕಾಣುತ್ತದೆ, ಕೊನೆಗೆ ಹೇಳಿದ ಊರನ್ನು ಹಿಡಿದು ಪಾವಗಡದ ಪುಟವನ್ನು ಕಳಿಸುತ್ತದೆ. ದಾಸ್ತಾನು ಯಂತ್ರ ಆ ಪುಟಕ್ಕೆ 'ಶಿರಾ' ಎಂದು ಚೀಟಿ ಹಚ್ಚಿ ಇಟ್ಟುಕೊಳ್ಳುತ್ತದೆ. ಆಮೇಲೆ ಶಿರಾ ಬೇಕೆಂದು ಯಾರೇ ಕೇಳಿದರೂ ಸಿಗುವುದು ಪಾವಗಡ. ಇದು ಊರಿನ ಹೆಸರಾದರೆ ನಗಬಹುದು. ಬ್ಯಾಂಕಿನ ಪುಟವಾದರೆ, ಔಷಧದ ಪುಟವಾದರೆ ನಗುವ ಮಾತಲ್ಲ.

ಇಂಥ ಅಪಾಯ ಕಂಡ ಮೇಲೆ ಪೈಥಾನ್ ಎಂಬ ಹೆಸರಾಂತ ಪ್ರೋಗ್ರಾಮಿಂಗ್ ಭಾಷೆಯನ್ನು ನೋಡಿಕೊಳ್ಳುವವರು 2021ರ ಫೆಬ್ರವರಿಯಲ್ಲಿ ಅದರ ಅಭ್ಯಾಸವನ್ನೇ ತಿದ್ದಿದರು. ಅಲ್ಲಿಯವರೆಗೆ ಅದು '&' ಮತ್ತು ಅರ್ಧವಿರಾಮ ಎರಡನ್ನೂ ಒಟ್ಟಿಗೆ ಬದುವೆಂದು ಒಪ್ಪುತ್ತಿತ್ತು. ಅಂದಿನಿಂದ ಒಂದೇ ಬದು, ಅದು '&'. ಬೇರೆ ಗುರುತು ಬೇಕೆನ್ನುವವರು ಅದನ್ನು ಬಾಯಿಬಿಟ್ಟು ಹೇಳಬೇಕು. ಈಗ ಬ್ರೌಸರ್ ತಯಾರಿಸುವವರು ಅನುಸರಿಸುವ ನಿಯಮಪುಸ್ತಕವೂ '&' ಒಂದನ್ನೇ ಬದು ಎಂದು ಹೇಳುತ್ತದೆ. 'ಕಾಪಿ' ತೊಂದರೆಗೂ ಅದರಲ್ಲಿ ದಾರಿ ಇದೆ. ಲಿಂಕಿನ ಒಳಗೆ ಅರ್ಧವಿರಾಮವಿಲ್ಲದ ಅಂಥ ಹೆಸರಿನ ಹಿಂದೆಯೇ ಸಮ ಚಿಹ್ನೆ ಬಂದರೆ ಅದನ್ನು ಚಿಹ್ನೆಯಾಗಿ ಬದಲಿಸಬಾರದು, ಇದ್ದ ಹಾಗೆ ಬಿಡಬೇಕು ಎಂದು.

ಯಾವ ಗುರುತು ಚೆಂದ, ಯಾವುದು ಜಾಣತನದ್ದು ಎಂಬುದಕ್ಕಿಂತ, ಬರೆಯುವವನೂ ಓದುವವನೂ ನಡುವೆ ನಿಂತವನೂ ಒಂದೇ ಗುರುತನ್ನು ಬದು ಎಂದು ಒಪ್ಪುವುದು ಮುಖ್ಯವಾಯಿತು. ಮಾನಕ ಎಂದರೆ ಅಷ್ಟೇ, ಊರೆಲ್ಲ ಕೂತು ಒಪ್ಪಿದ ಮಾತು. ಚೆನ್ನಾಗಿದ್ದ ಅರ್ಧವಿರಾಮ ಸೋತಿತು, ತೊಡಕಿನ '&' ಗೆದ್ದಿತು, ಏಕೆಂದರೆ ಎಲ್ಲರ ಕೈಗೂ ಅದು ಮೊದಲೇ ರೂಢಿಯಾಗಿತ್ತು.

ಇನ್ನು ಒಂದು ಪ್ರಶ್ನೆ ಉಳಿಯಿತು. ತುಂಬಿದ ವಿವರದಲ್ಲೇ ಬದುವಿನ ಗುರುತು ಬಂದರೆ? 'ಗೌಡ&ಸನ್ಸ್' ಎಂದು ಅಂಗಡಿಯ ಹೆಸರಿದೆ ಎನ್ನಿ. ಹಾಗೆಯೇ ಕಳಿಸಿದರೆ 'ಗೌಡ' ಎಂಬಲ್ಲಿಗೆ ಹೆಸರು ಮುಗಿದು, 'ಸನ್ಸ್' ಎಂಬುದು ಗತಿಯಿಲ್ಲದ ಕಾಲಂ ಆಗುತ್ತದೆ. ಅದಕ್ಕೆ ವೇಷ ಹಾಕಿ ಕಳಿಸುವ ಪದ್ಧತಿ ಇದೆ. ಬದುವಲ್ಲದ '&' ಅನ್ನು %26 ಎಂದು ಬರೆಯಬೇಕು. ಖಾಲಿ ಜಾಗ %20. ಶೇಕಡಾ ಚಿಹ್ನೆಯೇ ಬಂದರೆ %25. ಆ ಕಡೆಯ ಯಂತ್ರ ವೇಷ ಕಳಚಿ ಮೂಲ ರೂಪ ಕೊಡುತ್ತದೆ. ಕನ್ನಡ ಅಕ್ಷರಗಳೂ ವಿಳಾಸದಲ್ಲಿ ಹೀಗೆ ವೇಷ ಹಾಕಿಯೇ ಪ್ರಯಾಣ ಮಾಡುತ್ತವೆ. ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಚಿಹ್ನೆಗೂ ಮೂರು ಬೈಟು, ಒಂದೊಂದು ಬೈಟಿಗೆ ಮೂರು ಗುರುತು. 'ಮಧುಗಿರಿ' ಎಂಬ ಪದದಲ್ಲಿ ಅಕ್ಷರ ನಾಲ್ಕು, ಗುಣಿತದ ಚಿಹ್ನೆ ಮೂರು, ಒಟ್ಟು ಏಳು. ವಿಳಾಸದೊಳಗೆ ಅದು 63 ಗುರುತುಗಳ ಸಾಲಾಗುತ್ತದೆ. ಕನ್ನಡದ ಲಿಂಕನ್ನು ಕಾಪಿ ಮಾಡಿ ಕಳಿಸಿದಾಗ ಶೇಕಡಾ ಚಿಹ್ನೆಗಳ ಸಂತೆಯೇ ಕಾಣುವುದು ಇದರಿಂದ. ಅದು ಕೆಟ್ಟಿದ್ದಲ್ಲ, ನಮ್ಮ ಊರಿನ ಹೆಸರೇ ವೇಷದಲ್ಲಿ ಹೊರಟಿದೆ.

ಇಷ್ಟೆಲ್ಲ ತಿಳಿದು ನಮಗೇನು ಲಾಭ? ಮೂರು ಮಾತು ಹೇಳುತ್ತೇನೆ. ಇವನ್ನು ಮನೆಗೆ ಒಯ್ಯಿರಿ.

ಮೊದಲನೆಯದು, ಲಿಂಕು ಯಾರ ಮನೆಯದು ಎಂದು ಓದುವುದನ್ನು ಕಲಿಯಿರಿ. ವಿಳಾಸದ ಆರಂಭದಲ್ಲಿ ಜೋಡಿ ಓರೆಗೆರೆ ಇರುತ್ತದೆ. ಅದು ಬೇಕೇ ಇರಲಿಲ್ಲ ಎಂದು ಟಿಮ್ ಬರ್ನರ್ಸ್-ಲೀ ಅವರೇ 2009ರಲ್ಲಿ ಹೇಳಿದರು. ಇರಲಿ, ಅದನ್ನು ದಾಟಿ ಮುಂದೆ ಒಂಟಿ ಓರೆಗೆರೆಯೋ ಪ್ರಶ್ನಾರ್ಥಕವೋ ಹ್ಯಾಷ್ ಗುರುತೋ ಬರುವವರೆಗೆ ಹೋಗಿ ನಿಲ್ಲಿ. ಅಲ್ಲಿಂದ ಹಿಂದಕ್ಕೆ ಓದಿ. ಕೊನೆಯಲ್ಲಿ ಇರುವುದೇ ಯಜಮಾನನ ಹೆಸರು. 'ಕರ್ನಾಟಕ.ಗವ್.ಇನ್/' ಎಂದು ಮುಗಿದರೆ ಅದು ಸರ್ಕಾರದ ಮನೆ. 'ಕರ್ನಾಟಕ.ಗವ್.ಇನ್.ಬಹುಮಾನ.ಉದಾಹರಣೆ/' ಎಂದು ಮುಗಿದರೆ ಸರ್ಕಾರದ ಹೆಸರು ಬರೀ ಬಾಗಿಲಿಗೆ ಕಟ್ಟಿದ ತೋರಣ, ಮನೆ 'ಬಹುಮಾನ' ಎಂಬ ಯಾರದೋ. ಮನೆಯ ಹೆಸರಿನ ಭಾಗದಲ್ಲಿ '@' ಗುರುತು ಕಂಡರೆ ಇನ್ನೂ ಎಚ್ಚರ, ಏಕೆಂದರೆ ಅದಕ್ಕೆ ಮುಂಚೆ ಬರೆದದ್ದು ಮನೆಯ ಹೆಸರೇ ಅಲ್ಲ. ಮೋಸಗಾರರು ಬದು ಒತ್ತುವರಿ ಮಾಡುವುದು ಇಲ್ಲಿಯೇ. ಹಣ ಹೋಯಿತೆಂದು ಗೊತ್ತಾದ ತಕ್ಷಣ 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆಯ ದೂರಿಗೆಂದೇ ಇರುವ ಸಂಖ್ಯೆ ಅದು. ನಾಚಿಕೊಂಡು ತಡಮಾಡಬೇಡಿ.

ಎರಡನೆಯದು, ಪ್ರಶ್ನಾರ್ಥಕದ ನಂತರ ಇರುವುದು ನಿಮ್ಮ ವಿಷಯ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮಗುವಿನ ನೋಂದಣಿ ಸಂಖ್ಯೆ, ಜನ್ಮ ದಿನಾಂಕ ಹಾಕಿ ನೋಡುತ್ತೀರಿ. ಯಾವುದೇ ತಾಣದಲ್ಲಿ ಅವು ವಿಳಾಸದ ಸಾಲಿನಲ್ಲಿ ಕಾಣುತ್ತಿದ್ದರೆ, ಆ ಲಿಂಕನ್ನು ಊರಿನ ಗುಂಪಿಗೆ ಕಳಿಸುವುದೂ ಆ ವಿವರಗಳನ್ನು ಗೋಡೆಗೆ ಅಂಟಿಸುವುದೂ ಒಂದೇ. ಸಿಹಿ ಸುದ್ದಿಯನ್ನು ಹಂಚಿಕೊಳ್ಳಿ, ಲಿಂಕನ್ನು ಬೇಡ.

ಮೂರನೆಯದು, ಇದು ಮಕ್ಕಳಿಗೆ. ನಿಮ್ಮಲ್ಲಿ ಕೆಲವರು ನಾಳೆ ಇಂಥ ತಾಣಗಳನ್ನು ಕಟ್ಟುವವರಾಗುತ್ತೀರಿ. ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕಿನ ಜನ ಬರೆಯುವ ಹೆಸರುಗಳನ್ನು ನೆನಪಿಡಿ. 'ಐ.ಡಿ. ಹಳ್ಳಿ', 'ವೈ.ಎನ್. ಹೊಸಕೋಟೆ' ಎಂದು ಊರಿನ ಹೆಸರಲ್ಲೇ ಚುಕ್ಕಿ, ಖಾಲಿ ಜಾಗ ಇವೆ. '45/2' ಎಂದು ಸರ್ವೆ ನಂಬರಿನಲ್ಲೇ ಓರೆಗೆರೆ ಇದೆ. ಅದನ್ನು ಹಾಗೆಯೇ ವಿಳಾಸದ ಹಾದಿಯಲ್ಲಿ ಇಟ್ಟರೆ ಯಂತ್ರ ಅದನ್ನು ಎರಡು ಕೋಣೆ ಎಂದುಕೊಳ್ಳುತ್ತದೆ. ಅಂಥ ಹೆಸರು ಬಂದಾಗ 'ತಪ್ಪು ಅಕ್ಷರ' ಎಂದು ಅರ್ಜಿಯನ್ನು ಹಿಂದಕ್ಕೆ ಎಸೆಯುವ ತಾಣ ಕಟ್ಟಬೇಡಿ. ಹೆಸರು ತಪ್ಪಲ್ಲ. ಅದಕ್ಕೆ ಸರಿಯಾದ ವೇಷ ಹಾಕಿ ದಾಟಿಸುವುದು ಕಟ್ಟುವವನ ಕೆಲಸ. ಕಿಟಕಿಯ ಈಚೆ ನಿಂತ ರೈತ ತನ್ನ ಸರ್ವೆ ನಂಬರನ್ನು ಯಂತ್ರಕ್ಕೆ ಒಗ್ಗುವಂತೆ ಬದಲಿಸಿಕೊಳ್ಳಲು ಆಗುತ್ತದೆಯೇ?

ಐವತ್ತು ವರ್ಷಗಳಿಂದ ಈ ಶಾಲೆಯ ಗುರುಗಳು ಕೆಂಪು ಮಸಿಯಲ್ಲಿ ನಮ್ಮ ಬಿಟ್ಟುಹೋದ ಅಲ್ಪವಿರಾಮ, ಅರ್ಧವಿರಾಮಗಳನ್ನು ಹಾಕಿ ಕೊಡುತ್ತಾ ಬಂದಿದ್ದಾರೆ. ಒಂದು ಚಿಹ್ನೆಗೆ ಇಷ್ಟು ಗಲಾಟೆ ಯಾಕೆ ಎಂದು ಆಗ ಅನ್ನಿಸಿದ್ದುಂಟು. ಜಗತ್ತಿನ ಯಂತ್ರಗಳೆಲ್ಲ ಒಂದು ಅರ್ಧವಿರಾಮದ ಬಗ್ಗೆ ಒಮ್ಮತಕ್ಕೆ ಬರಲು ಕಾಲು ಶತಮಾನ ಬೇಕಾಯಿತು ಎಂದು ತಿಳಿದ ಮೇಲೆ ಆ ಕೆಂಪು ಮಸಿಯ ಬೆಲೆ ಗೊತ್ತಾಗುತ್ತದೆ. ಆ ಗುರುಗಳಿಗೆಲ್ಲ ಶರಣು.